ಮೆಕ್ಕೆಜೋಳ ಮಾರುವುದೋ, ಹಂದಿಗೆ ಹಾಕುವುದೋ: ದಾವಣಗೆರೆ, ಚಿತ್ರದುರ್ಗದ ರೈತರಿಗೊಂದು ಹೋಲಿಕೆ

2025ರ ಮುಂಗಾರು ಹಂಗಾಮಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಘೋಷಣೆಯಾಗಿತ್ತು. ಫಸಲು ಮಾರುಕಟ್ಟೆಗೆ ಬರುವ ಹೊತ್ತಿಗೆ ದರ ಅದಕ್ಕಿಂತ ಎಷ್ಟೋ ಕೆಳಗಿಳಿದಿತ್ತು. ಖರೀದಿ ಕೇಂದ್ರ ತೆರೆಯಿರಿ ಎಂದು ರೈತರು ರಸ್ತೆಗಿಳಿಯಬೇಕಾಯಿತು. ಮೆಕ್ಕೆಜೋಳದ ಕಣಜ ಎಂದೇ ಹೆಸರಾದ ದಾವಣಗೆರೆ ಜಿಲ್ಲೆಯಲ್ಲಿ ಆಗಿನಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ: ಕಾಳನ್ನು ಕಾಳಾಗಿ ಮಾರುವ ಬದಲು ಮಾಂಸವಾಗಿ ಮಾರಿದರೆ ಹೇಗೆ? ಹಂದಿ ಸಾಕಿದರೆ ಹೇಗೆ?

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಹರಿಹರದ ನಾಲೆ ಬಯಲಿನವರಿಗೆ ಹೊಂದುವುದು ಚಳ್ಳಕೆರೆಯವರಿಗೆ ಹೊಂದುವುದಿಲ್ಲ. ಆದ್ದರಿಂದ ಹಂದಿಯನ್ನು ನಮ್ಮ ಭಾಗದ ಇನ್ನೆರಡು ಕಸುಬುಗಳಾದ ಕುರಿ ಮತ್ತು ಕಂಪನಿ ಕೋಳಿಯ ಪಕ್ಕದಲ್ಲಿಟ್ಟು ನೋಡೋಣ. ಆಮೇಲೆ ಹಂದಿಯನ್ನೇ ಆರಿಸಿಕೊಂಡವರು ಯಾವ ಬಗೆಯ ಸಾಕಣೆಗೆ ಕೈಹಾಕಬೇಕು ಎಂಬುದನ್ನು ನೋಡೋಣ.

ಹೊರದೇಶದ ಲೆಕ್ಕ ಮತ್ತು ನಮ್ಮ ಲೆಕ್ಕ

ಅಮೆರಿಕದ ಅಯೋವಾ ರಾಜ್ಯದ ಜನಸಂಖ್ಯೆ ಸುಮಾರು 32 ಲಕ್ಷ. ಹಂದಿಗಳು ಎರಡು ಕೋಟಿಗೂ ಹೆಚ್ಚು. ಅಲ್ಲಿ ಬೆಳೆಯುವ ಮೆಕ್ಕೆಜೋಳಕ್ಕೆ ಹಂದಿಯೇ ಒಂದು ದೊಡ್ಡ ಗಿರಾಕಿ. ಹಂದಿಯ ದರವನ್ನು ಮೆಕ್ಕೆಜೋಳದ ದರದಿಂದ ಭಾಗಿಸಿ, ಈ ವರ್ಷ ಕಾಳನ್ನು ಮಾರಬೇಕೋ ತಿನ್ನಿಸಬೇಕೋ ಎಂದು ತೀರ್ಮಾನಿಸುವ ಪದ್ಧತಿ ಅಲ್ಲಿನ ರೈತರಿಗೆ ತಲೆಮಾರುಗಳಿಂದ ಗೊತ್ತು. ಡೆನ್ಮಾರ್ಕ್‌ನ ದಾರಿ ಬೇರೆ. 1887ರಲ್ಲಿ ಹಾರ್ಸೆನ್ಸ್ ಪಟ್ಟಣದಲ್ಲಿ ರೈತರೇ ಸೇರಿ ಸಹಕಾರಿ ಕಸಾಯಿಖಾನೆ ಕಟ್ಟಿದರು. ಇಂದು ಆ ಸಣ್ಣ ದೇಶ ತಾನು ಉತ್ಪಾದಿಸುವ ಹಂದಿಮಾಂಸದ ಬಹುಪಾಲನ್ನು ರಫ್ತು ಮಾಡುತ್ತದೆ. ಹಾಲಿನಲ್ಲಿ ನಮ್ಮ ಸಂಘಗಳು ಮಾಡಿದ್ದನ್ನು ಅವರು ಹಂದಿಯಲ್ಲಿ ಮಾಡಿದರು. ಚೀನಾದಲ್ಲಂತೂ ಜಗತ್ತಿನ ಹಂದಿಗಳ ಹತ್ತಿರ ಹತ್ತಿರ ಅರ್ಧದಷ್ಟಿವೆ. 2018ರ ಆಗಸ್ಟ್‌ನಲ್ಲಿ ಆಫ್ರಿಕನ್ ಹಂದಿ ಜ್ವರ ಆ ದೇಶಕ್ಕೆ ಕಾಲಿಟ್ಟಿತು. 2019ರ ಕೊನೆಗೆ ಅಲ್ಲಿ ಹಂದಿಮಾಂಸದ ಬೆಲೆ ಹಿಂದಿನ ವರ್ಷದ ಎರಡರಷ್ಟನ್ನೂ ದಾಟಿ, ಇಡೀ ದೇಶದ ಹಣದುಬ್ಬರವನ್ನೇ ಎಳೆದುಕೊಂಡು ಹೋಯಿತು.

ಭಾರತದಲ್ಲಿ ಹಂದಿಗೆ ಆ ತೂಕವಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಒಟ್ಟು ಹಂದಿಗಳು ಸುಮಾರು 90.6 ಲಕ್ಷ; 2012ಕ್ಕೆ ಹೋಲಿಸಿದರೆ ಶೇ. 12ರಷ್ಟು ಇಳಿಕೆ. ಅಸ್ಸಾಂ ಒಂದರಲ್ಲೇ 21 ಲಕ್ಷ. ಕರ್ನಾಟಕದಲ್ಲಿ ಇದ್ದದ್ದು ಮೂರು ಲಕ್ಷದ ಆಸುಪಾಸು. ಇದೇ ಗಣತಿಯಲ್ಲಿ ನಮ್ಮ ರಾಜ್ಯದ ಕುರಿಗಳು 1.1 ಕೋಟಿ. ದೇಶದ ಮಾಂಸೋತ್ಪಾದನೆಯಲ್ಲಿ ಕೋಳಿಯ ಪಾಲು ಅರ್ಧದಷ್ಟು, ಹಂದಿಯದು ಶೇ. 4ರ ಅಕ್ಕಪಕ್ಕ.

ಈ ಅಂಕಿಗಳನ್ನು ತೋರಿಸಿ "ಪೈಪೋಟಿಯೇ ಇಲ್ಲದ ಕ್ಷೇತ್ರ, ಈಗಲೇ ಇಳಿಯಿರಿ" ಎನ್ನುವವರು ಬಹಳ ಮಂದಿ ಇದ್ದಾರೆ. ನನಗೆ ಕಾಣುವುದು ಬೇರೆ. ಕೊಳ್ಳುವವರು ಕೆಲವೇ ಜನ ಇರುವ ಕಡೆ ದರ ಕಟ್ಟುವವರೂ ಅವರೇ. ಕುರಿಗೆ ಪ್ರತಿ ಸಂತೆಯಲ್ಲಿ ಹತ್ತು ಗಿರಾಕಿ ಸಿಗುತ್ತಾರೆ. ಹಂದಿಗೆ ನಮ್ಮ ಭಾಗದಲ್ಲಿ ಸಂತೆಯಿಲ್ಲ, ಲಾರಿ ತರುವ ವ್ಯಾಪಾರಿ ಇದ್ದಾನೆ. ಅವನು ಕೊಂಡದ್ದು ಬೆಂಗಳೂರಿಗೆ, ಕೊಡಗಿಗೆ, ಮಂಗಳೂರಿಗೆ, ಗೋವಾ ಮತ್ತು ಕೇರಳಕ್ಕೆ ಹೋಗುತ್ತದೆ.

ಹಂದಿ ಮತ್ತು ಕುರಿ

ಬೆಳವಣಿಗೆಯಲ್ಲಿ ಹಂದಿಗೆ ಸಾಟಿಯಿಲ್ಲ. ಗಬ್ಬದ ಅವಧಿ 114 ದಿನ. ಲಾರ್ಜ್ ವೈಟ್ ಯಾರ್ಕ್‌ಶೈರ್ ತಳಿಯ ತಾಯಿ ಸಾಮಾನ್ಯವಾಗಿ ಸೂಲೊಂದಕ್ಕೆ 8ರಿಂದ 12 ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಸೂಲು ಸಾಧ್ಯ. ಸಾವು ನೋವು ಕಳೆದು ವರ್ಷಕ್ಕೆ 16 ಮರಿ ಉಳಿದು, ಒಂದೊಂದೂ 90 ಕೆ.ಜಿ. ತೂಗಿದರೆ ಒಂದು ತಾಯಿಯಿಂದ 1,400 ಕೆ.ಜಿ.ಗೂ ಮೇಲೆ ಜೀವತೂಕ ಸಿಗುತ್ತದೆ. ಕುರಿಯ ಗಬ್ಬ ಐದು ತಿಂಗಳು. ಎರಡು ವರ್ಷಕ್ಕೆ ಮೂರು ಮರಿ ಬಂದರೆ ಒಳ್ಳೆಯ ಹಟ್ಟಿ. ಮರಿ 25 ಕೆ.ಜಿ.ಗೆ ಮಾರಾಟವಾದರೆ ತಾಯಿಯೊಂದಕ್ಕೆ ವರ್ಷಕ್ಕೆ 40 ಕೆ.ಜಿ. ಕೂಡ ದಾಟುವುದಿಲ್ಲ. ಕಡಿದಾಗ ಸಿಗುವ ಮಾಂಸವೂ ಹಂದಿಯಲ್ಲಿ ಜೀವತೂಕದ ಶೇ. 70ರ ಮೇಲೆ, ಕುರಿಯಲ್ಲಿ ಶೇ. 50ರ ಒಳಗೆ.

ಮೊಬೈಲ್‌ನಲ್ಲಿ ಓಡಾಡುವ ಲೆಕ್ಕಗಳೆಲ್ಲ ಇಲ್ಲಿಗೇ ನಿಲ್ಲುತ್ತವೆ. ಮುಂದಿನ ಅರ್ಧ ಲೆಕ್ಕ ಮೇವಿನದು.

ಹಂದಿಮರಿ 10 ಕೆ.ಜಿ.ಯಿಂದ 90 ಕೆ.ಜಿ.ಗೆ ಏರಲು, ಕೆ.ಜಿ. ಬೆಳವಣಿಗೆಗೆ ಮೂರೂವರೆ ಕೆ.ಜಿ. ಎಂದು ಹಿಡಿದರೆ, 280 ಕೆ.ಜಿ. ಆಹಾರ ಬೇಕು. ಅದರಲ್ಲಿ ಅರ್ಧ, ಅಂದರೆ 140 ಕೆ.ಜಿ., ಮೆಕ್ಕೆಜೋಳ. ಹದಿನಾರು ಮರಿ ಮತ್ತು ತಾಯಿಯದು ಸೇರಿಸಿದರೆ ವರ್ಷಕ್ಕೆ 27 ಕ್ವಿಂಟಲ್‌ನಷ್ಟು ಮೆಕ್ಕೆಜೋಳವಾಯಿತು. ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ 18 ಕ್ವಿಂಟಲ್ ಬಂದ ವರ್ಷವೂ, ಒಂದೇ ತಾಯಿ ಹಂದಿಯ ಸಂಸಾರ ಒಂದೂವರೆ ಎಕರೆಯ ಫಸಲನ್ನು ತಿಂದು ಮುಗಿಸುತ್ತದೆ. ಸಾಕಣೆಯ ಒಟ್ಟು ಖರ್ಚಿನಲ್ಲಿ ಮುಕ್ಕಾಲು ಪಾಲಿನಷ್ಟು ಮೇವಿಗೇ ಹೋಗುವುದು ಇದಕ್ಕೇ. ಮೆಕ್ಕೆಜೋಳ ಕೆ.ಜಿ.ಗೆ ಐದು ರೂಪಾಯಿ ಏರಿದರೆ ಪ್ರತಿ ಹಂದಿಯ ಮೇಲೆ 700 ರೂಪಾಯಿ ಖರ್ಚು ಏರಿತು ಎಂದೇ ಲೆಕ್ಕ. ಈಚಿನ ವರ್ಷಗಳಲ್ಲಿ ಎಥನಾಲ್ ಕಾರ್ಖಾನೆಗಳೂ ಮೆಕ್ಕೆಜೋಳಕ್ಕೆ ಕೈಚಾಚಿರುವುದರಿಂದ ಈ ಏರಿಳಿತ ಇನ್ನಷ್ಟು ಜೋರಾಗಿದೆ.

ಕುರಿ ನಿಧಾನವಾಗಿ ಬೆಳೆಯುತ್ತದೆ ನಿಜ, ಆದರೆ ಅದು ಮೇಯುವುದು ಬೀಳು, ಬದು, ಕೊಯ್ದ ಹೊಲಗಳಲ್ಲಿ. ಕಾಳಿನ ದರಕ್ಕೂ ಅದಕ್ಕೂ ಹೆಚ್ಚಿನ ನಂಟಿಲ್ಲ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಮಂದೆ ತರುಬಿದರೆ ಗೊಬ್ಬರದ ಲೆಕ್ಕದಲ್ಲೂ ನಾಲ್ಕು ಕಾಸು ಬರುತ್ತದೆ. ಮಗಳ ಶಾಲಾ ಶುಲ್ಕ ಕಟ್ಟಬೇಕಾದ ದಿನ ಒಂದು ಟಗರು ಹಿಡಿದುಕೊಂಡು ಹೋಗಿ ಸಂಜೆಯೊಳಗೆ ಹಣ ಮಾಡಿಕೊಂಡು ಬರಬಹುದು. ಹಂದಿಯಲ್ಲಿ ಇದು ಆಗುವುದಿಲ್ಲ; ಲಾರಿ ತುಂಬುವಷ್ಟು ಹಂದಿಗಳಿದ್ದರೆ ಮಾತ್ರ ವ್ಯಾಪಾರಿ ಬರುತ್ತಾನೆ.

ಕುರಿಗೆ ಕಷ್ಟವಿಲ್ಲ ಎಂದಲ್ಲ. ಪಿಪಿಆರ್, ನೀಲಿ ನಾಲಿಗೆ, ಕರುಳುಬೇನೆ ಬಂದರೆ ಮಂದೆಗೆ ಮಂದೆಯೇ ಕರಗುತ್ತದೆ. ಆದರೆ ಪಿಪಿಆರ್ ಮತ್ತು ಕರುಳುಬೇನೆಗೆ ಲಸಿಕೆ ಇದೆ, ಪಶು ಆಸ್ಪತ್ರೆಯವರಿಗೆ ಅದು ದಿನನಿತ್ಯದ ಕೆಲಸ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮೇವಿನ ನೆಲದ ಪ್ರಶ್ನೆ. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಗಿ ಗೋಡೆ ಎದ್ದಿದೆ. ಮಂದೆ ನಡೆಯುತ್ತಿದ್ದ ದಾರಿಗಳೇ ಮುಚ್ಚಿಹೋದ ಊರುಗಳಲ್ಲಿ ಐನೂರು ಕುರಿಯ ಕನಸು ಇಟ್ಟುಕೊಳ್ಳುವುದು ಸುಲಭವಲ್ಲ. ಐವತ್ತು, ನೂರು ಕುರಿ, ಬದುವಿನಲ್ಲಿ ಒಂದಿಷ್ಟು ಅಗಸೆ, ಸುಬಾಬುಲ್ ಮೇವಿನ ಮರಗಳಿದ್ದರೆ ಇಂದಿಗೂ ಆಗುವ ಮಾತು.

ನೀರೇ ತೀರ್ಪು ಹೇಳುತ್ತದೆ

ಬೆಳೆದ ಹಂದಿಗೆ ಕುಡಿಯಲು ದಿನಕ್ಕೆ ಹತ್ತು ಲೀಟರ್ ಮೇಲೆ ಬೇಕು, ಹಾಲೂಡಿಸುವ ತಾಯಿಗೆ ಇಪ್ಪತ್ತರಿಂದ ಮೂವತ್ತು. ಕೊಟ್ಟಿಗೆ ತೊಳೆಯುವ ನೀರು ಬೇರೆ. ಹಂದಿಗೆ ಬೆವರಿ ತಂಪಾಗುವ ಶಕ್ತಿ ಇಲ್ಲ ಎನ್ನುವಷ್ಟು ಕಡಿಮೆ. ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದ ಬಂಡೆಗಳು ಕಾದು ನಿಂತಾಗ ಶೀಟಿನ ಕೆಳಗಿನ ಬಿಳಿ ಹಂದಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಗಂಡಿನ ವೀರ್ಯದ ಗುಣವೂ ಕುಸಿಯುತ್ತದೆ. ತುಂತುರು ನೀರು, ಎತ್ತರದ ಚಾವಣಿ, ಸುತ್ತ ಮರಗಳು ಇರಲೇಬೇಕು. ಚಾವಣಿಯ ಮೇಲೆ ತೆಂಗಿನ ಗರಿ ಹೊದಿಸಿದರೂ ಒಳಗಿನ ಝಳ ತಗ್ಗುತ್ತದೆ.

ಐವತ್ತು ತಾಯಿಗಳ ಘಟಕವೆಂದರೆ ಮರಿಗಳೆಲ್ಲ ಸೇರಿ ಒಂದೇ ಹೊತ್ತಿಗೆ ಐನೂರರ ಆಸುಪಾಸು ಹಂದಿಗಳು. ದಿನಕ್ಕೆ ಸುಮಾರು ಹತ್ತು ಸಾವಿರ ಲೀಟರ್ ನೀರು ಬೇಕಾಗುತ್ತದೆ. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ನೆಲದಲ್ಲಿ ಕೊಳವೆಬಾವಿಯೊಂದನ್ನೇ ನಂಬಿ ಅಷ್ಟು ಪ್ರಾಣಿಗಳನ್ನು ಕಟ್ಟಿಕೊಳ್ಳುವುದು ಬೇಡ ಎಂದು ನೇರವಾಗಿಯೇ ಹೇಳುತ್ತೇನೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರಿನ ಒಣ ಭಾಗ, ಈಚೆ ಕಡೆ ಜಗಳೂರು: ಇಲ್ಲೆಲ್ಲ ನನ್ನ ಆಯ್ಕೆ ಕುರಿ. ಭದ್ರಾ ನಾಲೆಯ ಕೆಳಗಿನ ದಾವಣಗೆರೆ, ಹರಿಹರ, ಚನ್ನಗಿರಿ, ಹೊನ್ನಾಳಿ ಕಡೆ ಹಂದಿಯ ಲೆಕ್ಕ ಕೂಡಿ ಬರುತ್ತದೆ. ಮೆಕ್ಕೆಜೋಳ ಮನೆಯದು, ಅಕ್ಕಿ ಗಿರಣಿಗಳಿಂದ ತೌಡು ಸಿಗುತ್ತದೆ, ಕೊಟ್ಟಿಗೆಯ ಗೊಬ್ಬರಕ್ಕೆ ಅಡಿಕೆ ತೋಟವಿದೆ.

ಕಂಪನಿ ಕೋಳಿ

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಬಲ್ಲವರು ಊರೂರಲ್ಲೂ ಇದ್ದಾರೆ. ಮರಿ, ಮೇವು, ಔಷಧ ಕಂಪನಿಯದು. ಶೆಡ್, ನೀರು, ವಿದ್ಯುತ್, ದುಡಿಮೆ ನಿಮ್ಮದು. ಆರು ವಾರಕ್ಕೆ ಒಂದು ತಂಡ ಹೋಗುತ್ತದೆ, ಕೆ.ಜಿ. ಲೆಕ್ಕದಲ್ಲಿ ಸಾಕಣೆ ಕೂಲಿ ಬರುತ್ತದೆ. ಮಾರುಕಟ್ಟೆ ಬಿದ್ದರೆ ನಿಮಗೆ ಪೆಟ್ಟಿಲ್ಲ, ಎದ್ದರೆ ಲಾಭವೂ ಇಲ್ಲ. ನಿಮ್ಮ ಮೆಕ್ಕೆಜೋಳಕ್ಕೆ ಅಲ್ಲಿ ಜಾಗವೂ ಇಲ್ಲ. ತಿಂಗಳ ಕಂತು ಕಟ್ಟಲೇಬೇಕಾದ, ಅಪಾಯ ಹೊರಲಾಗದ ಕುಟುಂಬಕ್ಕೆ ಇದು ಹಂದಿಗಿಂತ ಸುರಕ್ಷಿತ. ಫಸಲಿನ ಬೆಲೆ ಹೆಚ್ಚಿಸಿಕೊಳ್ಳಬೇಕು ಎಂದು ಹೊರಟವರಿಗೆ ಇದು ದಾರಿಯಲ್ಲ.

ಹಂದಿಯೇ ಎಂದಾದರೆ: ಮರಿ ಮಾಡುವುದೋ, ಮರಿ ತಂದು ಬೆಳೆಸುವುದೋ

ಎರಡು ತಿಂಗಳ ಮರಿ ಕೊಂಡು ತಂದು, ಬೆಳೆಸಿ ಮಾರುವುದು ಒಂದು ಬಗೆ. ತಾಯಿ ಹಂದಿ ಇಟ್ಟುಕೊಂಡು ಮರಿ ಮಾಡಿಸುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಆರೇಳು ತಿಂಗಳಿಗೆ ಹಣ ತಿರುಗುತ್ತದೆ, ಕೈಗೆ ಹತ್ತದಿದ್ದರೆ ಶೆಡ್ ಖಾಲಿ ಮಾಡಿ ಹೊರಬರಬಹುದು. ಎರಡನೆಯದರಲ್ಲಿ ಲಾಭ ಹೆಚ್ಚು, ಆದರೆ ಅದಕ್ಕೆ ಬೇರೆಯೇ ಕೈಗುಣ ಬೇಕು.

ತಾಯಿ ಮರಿ ಹಾಕುವ ರಾತ್ರಿ ಏನೇನು ಮಾಡಬೇಕು ಎಂದು ನೋಡಿದರೆ ಈ ಮಾತು ತಿಳಿಯುತ್ತದೆ. ಹುಟ್ಟಿದ ಮರಿ ಒಂದೂಕಾಲು ಕೆ.ಜಿ. ಇದ್ದೀತು. ತಾಯಿ ಒಂದೂವರೆ ಕ್ವಿಂಟಲ್ ಮೀರಿದ ದೇಹ. ಅದು ಹೊರಳಿ ಮಲಗುವಾಗ ಕೆಳಗೆ ಸಿಕ್ಕ ಮರಿ ಸತ್ತಂತೆಯೇ. ಗೋಡೆಯಿಂದ ಒಂದು ಗೇಣು ಬಿಟ್ಟು, ನೆಲದಿಂದ ಒಂದು ಗೇಣು ಎತ್ತರದಲ್ಲಿ ಕಬ್ಬಿಣದ ಪೈಪ್ ಹಾಯಿಸಿದ್ದರೆ ಮರಿ ಅದರ ಹಿಂದೆ ನುಸುಳಿ ಬದುಕುತ್ತದೆ. ಮೂಲೆಯಲ್ಲಿ ಬಲ್ಬು ಕಟ್ಟಿ ಮೊದಲ ವಾರ 32 ಡಿಗ್ರಿಯಷ್ಟು ಬಿಸಿ ಇಡಬೇಕು. ತಾಯಿಗೆ ತಂಪು ಬೇಕು, ಮರಿಗೆ ಬೆಚ್ಚಗೆ ಬೇಕು, ಎರಡೂ ಒಂದೇ ಕೋಣೆಯಲ್ಲಿ. ಕೆಲವೇ ದಿನಗಳಲ್ಲಿ ಮರಿಗಳು ತಮ್ಮ ತಮ್ಮ ಮೊಲೆ ಗೊತ್ತು ಮಾಡಿಕೊಳ್ಳುತ್ತವೆ. ಬಲಿಷ್ಠವಾದವು ಹಾಲು ಹೆಚ್ಚಿರುವ ಮುಂದಿನವನ್ನು ಹಿಡಿಯುತ್ತವೆ, ಬಡಕಲು ಮರಿ ಹಿಂದಕ್ಕೆ ಬೀಳುತ್ತದೆ. ಅದನ್ನು ಕೈಯಾರೆ ಮುಂದಕ್ಕೆ ಹಚ್ಚುವ ತಾಳ್ಮೆ ಇರಬೇಕು. ಮಣ್ಣು ಕೆದರದೆ ಸಿಮೆಂಟಿನ ಮೇಲೆ ಬೆಳೆಯುವ ಮರಿಗೆ ತಾಯಿಯ ಹಾಲಿನಿಂದ ಸಾಕಷ್ಟು ಕಬ್ಬಿಣ ಸಿಗುವುದಿಲ್ಲ. ಮೂರನೆಯ ದಿನ ಕಬ್ಬಿಣದ ಚುಚ್ಚುಮದ್ದು ಕೊಡದಿದ್ದರೆ ಎರಡು ಮೂರು ವಾರದಲ್ಲಿ ಬಿಳಿಚಿಕೊಂಡು ಸಾಯುತ್ತವೆ. ಹೊಸಬರು ಕಳೆದುಕೊಳ್ಳುವ ಮರಿಗಳಲ್ಲಿ ಎಷ್ಟೋ ಈ ಕಬ್ಬಿಣ, ಪೈಪು, ಬಲ್ಬುಗಳಿಂದ ಉಳಿಸಬಹುದಾದವೇ.

ಹೊಸಬರಿಗೆ ನಾನು ಹೇಳುವುದು ಹತ್ತೋ ಇಪ್ಪತ್ತೋ ಮರಿ ತಂದು ಬೆಳೆಸುವುದರಿಂದ ಆರಂಭಿಸಿ ಎಂದು. ಎರಡು ತಂಡ ಮಾರಿದ ಮೇಲೆ ಮುಂದಿನ ತಂಡದ ಮರಿಗಳಲ್ಲಿ ಉದ್ದ ಬೆನ್ನಿನ, ಹನ್ನೆರಡಕ್ಕೆ ಕಡಿಮೆಯಿಲ್ಲದ ಮೊಲೆಗಳಿರುವ ಹೆಣ್ಣುಗಳನ್ನು ಉಳಿಸಿಕೊಳ್ಳಬಹುದು. ಯಾರ್ಕ್‌ಶೈರ್ ಮತ್ತು ಲ್ಯಾಂಡ್ರೇಸ್ ಬೆರಕೆಯ ತಾಯಿಗೆ ಡ್ಯೂರಾಕ್ ಗಂಡು ಕೊಟ್ಟರೆ ಮರಿ ಬೇಗ ತೂಕ ಕಟ್ಟುತ್ತದೆ. ನಾಟಿ ಕಪ್ಪು ಹಂದಿ ಬಿಸಿಲು ತಡೆಯುತ್ತದೆ, ರೋಗಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಬೆಳೆಯುವುದು ನಿಧಾನ, ಕೊಬ್ಬು ಜಾಸ್ತಿ. ಮೇವು ಕೊಂಡು ಹಾಕುವವರಿಗೆ ಅದು ಗಿಟ್ಟುವುದಿಲ್ಲ.

ಹೋಟೆಲ್ ಮುಸುರೆ ಅಗ್ಗವೇ?

ದಾವಣಗೆರೆಯಂಥ ಊರಿನಲ್ಲಿ ಹೋಟೆಲ್, ಕಲ್ಯಾಣ ಮಂಟಪ, ಹಾಸ್ಟೆಲ್‌ಗಳ ಉಳಿಕೆ ಹೇರಳ. ಇದನ್ನೇ ನಂಬಿ ಇಳಿಯುವವರು ಹೆಚ್ಚು, ಏಕೆಂದರೆ ಮೇವಿನ ಖರ್ಚು ಒಮ್ಮೆಲೇ ಇಳಿಯುತ್ತದೆ. ಆದರೆ ಆಫ್ರಿಕನ್ ಹಂದಿ ಜ್ವರ ಹರಡುವ ಮುಖ್ಯ ದಾರಿಗಳಲ್ಲಿ ಈ ಮುಸುರೆಯೂ ಒಂದು. ರೋಗದ ಹಂದಿಯ ಮಾಂಸದ ಒಂದು ತುಣುಕು ಅದರಲ್ಲಿ ಬಂದರೂ ಸಾಕು. ಅಂತರರಾಷ್ಟ್ರೀಯ ಪಶು ಆರೋಗ್ಯ ಸಂಸ್ಥೆಯ ನಿಯಮದಂತೆ ಮುಸುರೆಯನ್ನು 90 ಡಿಗ್ರಿ ಶಾಖದಲ್ಲಿ, ಕಲಕುತ್ತಾ, ಕನಿಷ್ಠ ಒಂದು ಗಂಟೆ ಕಾಯಿಸಬೇಕು. ಸೌದೆ, ಗಾಡಿ, ಆಳು ಎಲ್ಲ ಕೂಡಿಸಿದರೆ ಅಗ್ಗ ಎನ್ನಿಸಿದ್ದು ಅಷ್ಟೇನೂ ಅಗ್ಗವಲ್ಲ.

ಇನ್ನೊಂದು ಅಪಾಯ ಉಪ್ಪಿನದು. ಉಪ್ಪಿನಕಾಯಿ, ಸಾಂಬಾರು ಬೆರೆತ ಉಳಿಕೆ ತಿಂದ ಹಂದಿಗೆ ಬೇಸಿಗೆಯಲ್ಲಿ ಕುಡಿಯುವ ನೀರು ಕಡಿಮೆಯಾದರೆ ಮೆದುಳಿಗೆ ಪೆಟ್ಟು ಬೀಳುತ್ತದೆ. ಕಣ್ಣು ಕಾಣದಂತಾಗಿ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಕುಂಡೆಯೂರಿ ಕುಳಿತು ತಲೆ ಹಿಂದಕ್ಕೆ ಎಸೆದು ಸೆಟೆಯುತ್ತದೆ. ನೀರಿನ ಕೊರತೆಯೂ ಮುಸುರೆಯೂ ಒಟ್ಟಿಗೆ ಬಂದಲ್ಲಿ ಇದನ್ನು ಎದುರುನೋಡಿಯೇ ಇರಬೇಕು.

ಮನೆಯಲ್ಲೇ ಕಲಸುವ ಮೇವು ನನ್ನ ಆಯ್ಕೆ: ಅರ್ಧಕ್ಕಿಂತ ತುಸು ಹೆಚ್ಚು ಮೆಕ್ಕೆಜೋಳದ ನುಚ್ಚು, ಕಾಲು ಭಾಗದಷ್ಟು ಹಿಂಡಿ, ಉಳಿದದ್ದು ತೌಡು, ಜೊತೆಗೆ ಖನಿಜ ಮಿಶ್ರಣ, ಚಿಟಿಕೆ ಉಪ್ಪು. ಬೆಳೆಯುವ ಹಂದಿಗೆ ಶೇ. 18, ಕೊನೆಯ ಹಂತಕ್ಕೆ ಶೇ. 16 ಪ್ರೋಟೀನ್ ಸಾಕು. ಚಳ್ಳಕೆರೆಯ ಎಣ್ಣೆ ಗಿರಣಿಗಳ ಶೇಂಗಾ ಹಿಂಡಿ ಹತ್ತಿರದಲ್ಲೇ ಸಿಗುತ್ತದೆ, ಆದರೆ ಮುಗ್ಗಲು ವಾಸನೆ ಬಂದ ಹಿಂಡಿ ಬೇಡ. ಅದರ ಬೂಷ್ಟಿನ ವಿಷ ಯಕೃತ್ತನ್ನು ತಿನ್ನುತ್ತದೆ.

ರೋಗ, ಊರು, ಸಾಲ

ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡಿತು. 2022ರ ಜುಲೈನಲ್ಲಿ ನಮ್ಮ ಗಡಿಯಾಚೆಯ ವಯನಾಡಿಗೆ ಬಂತು. ಮನುಷ್ಯರಿಗೆ ಇದು ಅಂಟುವುದಿಲ್ಲ, ಹಂದಿಗೆ ಮದ್ದಿಲ್ಲ. ರೋಗ ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲಿಸುತ್ತಾರೆ. ಪರಿಹಾರ ಸಿಗುವುದು ಹಾಗೆ ಕೊಲ್ಲಿಸಿದವಕ್ಕೆ. ಕೇರಳ ಆಗ ಹೊರ ರಾಜ್ಯದ ಹಂದಿಗಳನ್ನು ತಡೆಯಿತು. ಆ ಒಂದೇ ಮಾರುಕಟ್ಟೆ ನೆಚ್ಚಿದವರ ಬೆಳೆದ ಹಂದಿಗಳು ಶೆಡ್ಡಿನಲ್ಲೇ ಉಳಿದು ಮೇವು ತಿನ್ನುತ್ತವೆ ಎಂದರೆ ನಷ್ಟ ಊಹಿಸಿಕೊಳ್ಳಿ. ಎರಡು ದಿಕ್ಕಿನ ವ್ಯಾಪಾರಿಗಳ ಪರಿಚಯ ಇಲ್ಲದೆ ಆರಂಭಿಸಬೇಡಿ. ಮಾಮೂಲಿ ಹಂದಿ ಜ್ವರಕ್ಕಾದರೆ ಲಸಿಕೆ ಇದೆ, ತಪ್ಪದೆ ಹಾಕಿಸಿ. ವ್ಯಾಪಾರಿಯ ಲಾರಿ ಬೇಲಿಯಾಚೆಯೇ ನಿಲ್ಲಲಿ.

ಊರಿನ ಒಪ್ಪಿಗೆಯನ್ನು ಹಗುರವಾಗಿ ನೋಡಬೇಡಿ. ವಾಸನೆ, ನೊಣ, ಅಕ್ಕಪಕ್ಕದವರ ನಂಬಿಕೆ, ಎಲ್ಲವೂ ಸೇರಿ ಪಂಚಾಯಿತಿಗೆ ದೂರು ಹೋಗುತ್ತದೆ. ಮನೆಗಳಿಂದ, ಗುಡಿ ಮಸೀದಿಗಳಿಂದ, ಕೆರೆಯಿಂದ ದೂರದ ಜಾಗ ಹಿಡಿದು, ಪರವಾನಗಿ ಪಡೆದು, ಗೊಬ್ಬರಕ್ಕೆ ಗುಂಡಿ ಅಥವಾ ಗೋಬರ್ ಗ್ಯಾಸ್ ಕಟ್ಟಿಯೇ ಮುಂದುವರಿಯಬೇಕು.

ಇಲ್ಲಿ ಒಂದು ಸಂಕಟದ ಮಾತು ಹೇಳಲೇಬೇಕು. ಹಂದಿಯನ್ನು ತಲೆತಲಾಂತರದಿಂದ ಬಲ್ಲವರು ಕೊರಮ, ಕೊರಚ, ಹಂದಿಜೋಗಿ ಸಮುದಾಯದವರು. ಊರೂರುಗಳಲ್ಲಿ ಅವರ ಹಂದಿಗಳು ಬೀದಿಹಂದಿ ಎನ್ನಿಸಿಕೊಂಡು ಹಿಡಿಸಿಹೋಗುತ್ತವೆ. ಸರ್ಕಾರದ ನೆರವು ಮಾತ್ರ ಜಮೀನಿನ ದಾಖಲೆ, ಬ್ಯಾಂಕಿನ ಒಪ್ಪಿಗೆ ಇರುವವರ ಕೈ ಸೇರುತ್ತದೆ. ಬೆದೆಗೆ ಬಂದ ಹೆಣ್ಣನ್ನು ಬೆನ್ನಿನ ಮೇಲೆ ಕೈಯೂರಿಯೇ ಗುರುತಿಸುವ ಜಾಣ್ಮೆ ಅವರಲ್ಲಿದೆ. ನೀವು ಶೆಡ್ ಕಟ್ಟುವುದಾದರೆ ಅವರನ್ನು ಕೂಲಿಗೆ ಕರೆಯದೆ ಪಾಲುದಾರರಾಗಿ ಸೇರಿಸಿಕೊಳ್ಳಿ. ಇದು ನ್ಯಾಯವೂ ಹೌದು, ನಿಮ್ಮ ಮರಿಗಳು ಉಳಿಯುವುದಕ್ಕೂ ದಾರಿ.

ಸಹಾಯಧನದ ವಿಷಯ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಬಂಡವಾಳದ ಶೇ. 50ರಷ್ಟು ಸಿಗುತ್ತದೆ: 50 ಹೆಣ್ಣು, 5 ಗಂಡು ಹಂದಿಯ ಘಟಕಕ್ಕೆ ಗರಿಷ್ಠ 15 ಲಕ್ಷ, ಅದರ ಎರಡರಷ್ಟಕ್ಕೆ 30 ಲಕ್ಷ, 100 ಕುರಿ, 5 ಟಗರಿಗೆ 10 ಲಕ್ಷ. ಹಣ ಎರಡು ಕಂತಿನಲ್ಲಿ ಬರುತ್ತದೆ, ಜಮೀನಿನ ಖರೀದಿಗೆ ಇಲ್ಲ. ಹಂದಿಯಲ್ಲಿ ಅತಿ ಸಣ್ಣ ಘಟಕವೇ ಐವತ್ತು ತಾಯಿಗಳದ್ದು ಎಂಬುದನ್ನು ಗಮನಿಸಿ. ಮರಿಗಳನ್ನೆಲ್ಲ ನೀವೇ ಬೆಳೆಸಿದರೆ ಅವಕ್ಕೆ ವರ್ಷಕ್ಕೆ 75 ಎಕರೆಯ ಮೆಕ್ಕೆಜೋಳ ಬೇಕು. ಸಹಾಯಧನದ ಆಸೆಗೆ ಮೊದಲ ಹೆಜ್ಜೆಯನ್ನೇ ಅಷ್ಟು ದೊಡ್ಡದಾಗಿ ಇಡಬೇಡಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರಂ ಕೇಂದ್ರ, ತಾಲ್ಲೂಕಿನ ಪಶು ವೈದ್ಯರು ಇವರನ್ನೆಲ್ಲ ಕಂಡು ಮಾತಾಡಿ, ಸಣ್ಣದಾಗಿ ಒಂದು ತಂಡ ಸಾಕಿ, ಆಮೇಲೆ ಅರ್ಜಿ ಹಾಕಿದರೂ ತಡವಾಗುವುದಿಲ್ಲ.

ಮರಿ ತರುವ ತಿಂಗಳು

ಕೊಯ್ಲು ಮುಗಿದು ಮೆಕ್ಕೆಜೋಳ ಅಗ್ಗವಾಗುವ ನವೆಂಬರ್‌ನಲ್ಲಿ ಮರಿ ತಂದರೆ ಅವು ತೂಕ ಕಟ್ಟುವ ಕೊನೆಯ ಹಂತ ಏಪ್ರಿಲ್, ಮೇ ಬಿಸಿಲಿಗೆ ಸಿಕ್ಕಿಕೊಳ್ಳುತ್ತದೆ. ಜೂನ್‌ನಲ್ಲಿ ತಂದರೆ ಮಳೆಗಾಲದ ತಂಪಿನಲ್ಲಿ ಚೆನ್ನಾಗಿ ಬೆಳೆದು, ಗೋವಾ, ಮಂಗಳೂರು, ಕೇರಳದಲ್ಲಿ ಕ್ರಿಸ್‌ಮಸ್ ಬೇಡಿಕೆ ಏರುವ ಡಿಸೆಂಬರ್‌ಗೆ ಸಿದ್ಧವಾಗುತ್ತವೆ. ಆದರೆ ಆ ತಿಂಗಳುಗಳಲ್ಲಿ ಮೆಕ್ಕೆಜೋಳ ಸಾಮಾನ್ಯವಾಗಿ ದುಬಾರಿ. ನನ್ನ ಮಟ್ಟಿಗೆ ಜೂನ್ ವಾಸಿ, ಹಿಂದಿನ ಸುಗ್ಗಿಯ ಕಾಳನ್ನು ಮಾರದೆ ಎತ್ತಿಟ್ಟುಕೊಂಡಿದ್ದರೆ. ಇಪ್ಪತ್ತು ಮರಿಗೆ 28 ಕ್ವಿಂಟಲ್. ತೇವ ಶೇ. 12ಕ್ಕೆ ಇಳಿಯುವವರೆಗೆ ಒಣಗಿಸಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಚೀಲ ಪೇರಿಸಿ, ಮಳೆ ಹಿಡಿಯುವ ಮುನ್ನ ಒಮ್ಮೆ ಬಿಚ್ಚಿ ಹುಳು ಬೂಷ್ಟು ನೋಡಿ ಮತ್ತೆ ಬಿಸಿಲಿಗೆ ಹರಡಬೇಕು.